ಮಂಜು ಕವಿದ ದೇವನಹಳ್ಳಿಯಲ್ಲಿ

ಪುಷ್ಯ ಮಾಸದ ನಸುಕಿನಲ್ಲಿ ಬೆಂಗಳೂರಿನಿಂದ ದೇವನಹಳ್ಳಿಯತ್ತ ಹೊರಟ ಪ್ರಯಾಣಿಕನಿಗೆ ಹೆಬ್ಬಾಳದ ಕೆರೆ ದಾಟುವವರೆಗೆ ಮಂಜಿನ ನಿಜಸ್ವರೂಪ ತಿಳಿಯುವುದಿಲ್ಲ. ನಗರದೊಳಗೆ ಅದು ಬೀದಿದೀಪಗಳ ಸುತ್ತ ಹೆಣೆದ ತೆಳುವಾದ ಬಲೆಯಷ್ಟೆ. ಹೆಬ್ಬಾಳ ದಾಟಿ ಬಯಲಿಗೆ ಬಿದ್ದೊಡನೆ ಆ ಬಲೆ ಗೋಡೆಯಾಗುತ್ತದೆ. ಕಳೆದ ಚಳಿಗಾಲದ ಅಂಥದೊಂದು ಬೆಳಗಿನ ಜಾವ ನಾಲ್ಕೂವರೆ ಗಂಟೆಗೆ ನಾವು ಮೂವರು ಹೊರಟೆವು. ಕಾರು ನಡೆಸುತ್ತಿದ್ದವನು ನಾನು. ಹಿಂದಿನ ಆಸನದಲ್ಲಿ ನನ್ನ ಅಕ್ಕ. ಪಕ್ಕದಲ್ಲಿ ಅವಳ ಮಗ, ಹೊರರಾಜ್ಯದ ಒಂದು ಶಾಲೆಯಲ್ಲಿ ವಿಮಾನ ಚಾಲನೆ ಕಲಿಯುತ್ತಿರುವ ಇಪ್ಪತ್ತೊಂದು ವರ್ಷದ ಹುಡುಗ. ರಜೆ ಮುಗಿಸಿ ಹಿಂದಿರುಗುವವನನ್ನು ಬೀಳ್ಕೊಡುವುದಕ್ಕೆಂದು ಅಕ್ಕ ಹಿಂದಿನ ದಿನವೇ ದೊಡ್ಡಬಳ್ಳಾಪುರದ ತೋಟದ ಮನೆಯಿಂದ ರಾಜಾಜಿನಗರದ ನಮ್ಮ ಮನೆಗೆ ಬಂದಿದ್ದಳು. ಮೂರು ಗಂಟೆಗೇ ಎದ್ದು, ಸ್ನಾನ ಪೂಜೆ ಮುಗಿಸಿ, ಮಗನ ಹಣೆಗೆ ತಾನೇ ವಿಭೂತಿ ಹಚ್ಚಿದ್ದಳು.

ಆ ಹುಡುಗನ ವಿದ್ಯೆಗಾಗಿ ಭಾವನವರು ಎರಡು ಎಕರೆ ದ್ರಾಕ್ಷಿ ತೋಟವನ್ನು ಮಾರಿದ್ದರು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವ ಆ ನೆಲ ತಲೆಮಾರುಗಳಿಂದ ಕುಟುಂಬದಲ್ಲಿದ್ದದ್ದು. ಉಳಿದ ಹಣಕ್ಕೆ ಬ್ಯಾಂಕಿನ ಸಾಲ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದ ಮಾತುಕತೆಯ ಭಾರ ವಾಚಕರಿಗೆ ತಿಳಿಯಬೇಕಾದರೆ ಈ ತೋಟವನ್ನು ಮರೆಯುವಂತಿಲ್ಲ.

ಈ ಹೆದ್ದಾರಿಯನ್ನು ಆಕಾಶವಿದ್ಯೆಯ ಹಾದಿ ಎಂದು ಕರೆದರೆ ಉತ್ಪ್ರೇಕ್ಷೆಯಾಗದು. ಮೊದಲು ಜಕ್ಕೂರು. ಜಯಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ, 1940ರ ದಶಕದ ಕೊನೆಗೆ ಆರಂಭವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಅಲ್ಲಿಯೇ. ನಾನು ಶಾಲಾ ಮಾಸ್ತರನಾಗಿದ್ದಾಗ ಮಕ್ಕಳನ್ನು ಒಮ್ಮೆ ಅದರ ಬೇಲಿಯ ಬಳಿಗೆ ಕರೆದೊಯ್ದು ಪುಟ್ಟ ವಿಮಾನಗಳು ಏರುವುದನ್ನೂ ಇಳಿಯುವುದನ್ನೂ ತೋರಿಸಿದ್ದುಂಟು. ಅದಾದ ಮೇಲೆ ಯಲಹಂಕದ ವಾಯುಪಡೆಯ ನೆಲೆ. 1996ರಿಂದ ವೈಮಾನಿಕ ಪ್ರದರ್ಶನ ನಡೆಯುತ್ತಾ ಬಂದಿರುವುದರಿಂದ ನಮ್ಮ ಜನಕ್ಕೆ ಅದು ಜಾತ್ರೆಯ ಮೈದಾನವಾಗಿಯೇ ಹೆಚ್ಚು ಪರಿಚಿತ. ನನಗೆ ಮಾತ್ರ ಆ ನೆಲೆಯ ಗೋಡೆ ಕಂಡಾಗಲೆಲ್ಲ 2021ರ ಡಿಸೆಂಬರ್ ನೆನಪಾಗುತ್ತದೆ. ಆ ತಿಂಗಳ 8ನೆಯ ದಿನ ನೀಲಗಿರಿಯ ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿದ್ದು, ಬದುಕುಳಿದಿದ್ದ ಒಬ್ಬರೇ ಒಬ್ಬರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರು ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಒಂದು ವಾರ ಹೋರಾಡಿ 15ರಂದು ತೀರಿಕೊಂಡರು. ಅವರಿಗೆ ಅಂತಿಮ ಗೌರವ ಸಂದು ಪಾರ್ಥಿವ ಶರೀರ ಸ್ವಂತ ಊರಿನತ್ತ ಹೊರಟದ್ದು ಇದೇ ಯಲಹಂಕದಿಂದ. ಕಣಿವೆಯ ಹವೆ ಅನಿರೀಕ್ಷಿತವಾಗಿ ಬದಲಾಗಿ, ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕು, ಚಾಲಕನಿಗೆ ದಿಕ್ಕಿನ ಅರಿವು ತಪ್ಪಿತೆಂದು ತನಿಖೆ ಹೇಳಿತು. ಯಂತ್ರ ಕೆಟ್ಟಿರಲಿಲ್ಲ. ನಡೆಸುವವರು ಅನನುಭವಿಗಳಾಗಿರಲಿಲ್ಲ. ಮೋಡವೊಂದು ಅಡ್ಡ ಬಂದಿತ್ತು, ಅಷ್ಟೆ.

ಇದನ್ನೆಲ್ಲ ಯೋಚಿಸುತ್ತಲೇ ನಾನು ಮುಂದಿನ ಲಾರಿಯ ಕೆಂಪು ದೀಪವನ್ನು ಹಿಂಬಾಲಿಸುತ್ತಿದ್ದೆ. ರಸ್ತೆಯ ಬಿಳಿಗೆರೆ ಕಾಣುತ್ತಿರಲಿಲ್ಲ. ಅಂಚಿನ ಕಲ್ಲುಗಳೂ ಕಾಣುತ್ತಿರಲಿಲ್ಲ. ಆ ಒಂದು ದೀಪ ಮಾತ್ರ ಕಾಣುತ್ತಿತ್ತು, ನನಗೆ ಅದೇ ಧೈರ್ಯ. ಚಿಕ್ಕಜಾಲದ ಸಮೀಪ ಆ ಲಾರಿ ಹೆದ್ದಾರಿ ಬಿಟ್ಟು ಪಕ್ಕದ ಸರ್ವೀಸ್ ರಸ್ತೆಗೆ ಇಳಿಯಿತು. ನಾನೂ ಇಳಿದೆ. ಲಾರಿ ಒಂದು ಜಲ್ಲಿರಾಶಿಯ ಮುಂದೆ ನಿಂತಿತು. ನಾನೂ ನಿಂತೆ. ಅದರ ಚಾಲಕ ಕೆಳಗಿಳಿದು ಬಂದು, "ಏನ್ ಸ್ವಾಮಿ, ಜಲ್ಲಿ ಬೇಕಾ?" ಎಂದು ಕೇಳಿದಾಗಲೇ ನಾನು ಎಲ್ಲಿಗೆ ಬಂದಿದ್ದೇನೆಂಬುದು ನನಗೆ ತಿಳಿದದ್ದು.

ಅಕ್ಕ ನಕ್ಕಳು. ಹುಡುಗ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ನೀವು ಈಗ ಮಾಡಿದ್ದನ್ನೇ ನಾನು ಆಗಸ್ಟ್ ತಿಂಗಳಲ್ಲಿ ಮಾಡಿದೆ. ಆದರೆ ಕೆಳಗೆ ರಸ್ತೆ ಇರಲಿಲ್ಲ" ಎಂದ.

ಆ ಮಾತಿನ ಅರ್ಥವನ್ನು ಅಲ್ಲಿಯೇ ಕೇಳುವಷ್ಟು ವ್ಯವಧಾನವಿರಲಿಲ್ಲ. ಸಾದಹಳ್ಳಿಯ ಸುಂಕದ ಕಟ್ಟೆ ದಾಟಿ ನಿಲ್ದಾಣದ ಆವರಣಕ್ಕೆ ಬಂದೆವು. 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಅಂದು ಪಾದಗಳಷ್ಟೇ ಆಗಿತ್ತು. ಮೊಣಕಾಲಿನಿಂದ ಮೇಲೆ ನಾಡಪ್ರಭುಗಳು ಮಂಜಿನಲ್ಲಿ ಅಂತರ್ಧಾನರಾಗಿದ್ದರು. ಅಷ್ಟರಲ್ಲಿ ಹುಡುಗನ ಫೋನಿಗೆ ಸಂದೇಶ ಬಂದಿತು: ಅವನ ವಿಮಾನ ಬೇರೆ ಊರಿನಿಂದ ಇಲ್ಲಿಗೆ ಬರಬೇಕಾಗಿದ್ದು, ಅದು ಅಲ್ಲಿಯೇ ನಿಂತಿದೆ. ನಾಲ್ಕು ಗಂಟೆ ವಿಳಂಬ.

"ನಮ್ಮ ನಿಲ್ದಾಣಕ್ಕೆ ಮಂಜಿನಲ್ಲಿಯೂ ಇಳಿಸುವ ದೊಡ್ಡ ಸಲಕರಣೆ ಬಂದಿದೆಯೆಂದು ಪತ್ರಿಕೆಯಲ್ಲಿ ಓದಿದ್ದೆನಲ್ಲ?" ಎಂದೆ. ಓದಿದ್ದು ನಿಜವೇ. 2008ರ ಮೇ 24ರಂದು ಈ ನಿಲ್ದಾಣ ಆರಂಭವಾದಾಗ ಇದ್ದದ್ದು ಒಂದೇ ರನ್‌ವೇ. 2019ರ ಡಿಸೆಂಬರಿನಲ್ಲಿ ದಕ್ಷಿಣದ ಎರಡನೆಯ ರನ್‌ವೇ ಬಂದಿತು. ಅದಕ್ಕೆ ಅಳವಡಿಸಿದ ಮೂರನೆಯ ದರ್ಜೆಯ ಸಲಕರಣೆಯಿಂದ, ಮೊದಲು 550 ಮೀಟರ್ ದೂರ ಕಾಣದೆ ಇಳಿಯಲಾಗದಿದ್ದ ವಿಮಾನಗಳು ಈಗ 50 ಮೀಟರ್ ಕಂಡರೂ ಇಳಿಯಬಲ್ಲವು. ಏರುವುದಕ್ಕೆ 125 ಮೀಟರ್ ಕಾಣಬೇಕು. ಹುಡುಗ ಹೇಳಿದ: "ನೆಲದ ಮೇಲೆ ಸಲಕರಣೆಯಿದ್ದರೆ ಸಾಲದು ಮಾವ. ವಿಮಾನದೊಳಗೂ ಅದಕ್ಕೆ ತಕ್ಕ ಯಂತ್ರ ಇರಬೇಕು, ಕೂತ ಇಬ್ಬರೂ ಅದಕ್ಕೆ ಬೇರೆಯಾಗಿ ತರಬೇತಿ ಪಡೆದಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಬಿಸಿಲಿಗೆ ಕಾಯಬೇಕಾದ್ದೇ."

ಬಿಸಿಲಿಗೆ ಕಾಯುವುದಕ್ಕೆ ನಾವು ದೇವನಹಳ್ಳಿ ಊರಿಗೆ ಹೋದೆವು. ಆರೇಳು ಕಿಲೋಮೀಟರಿನ ಹಾದಿ. ನಿಲ್ದಾಣಕ್ಕೆ ಸಾವಿರಾರು ಎಕರೆ ನೆಲ ಕೊಟ್ಟ ಈ ತಾಲ್ಲೂಕನ್ನು ಇಂದಿನ ಜನ ವಿಮಾನದ ಹೆಸರಿನಿಂದ ಮಾತ್ರ ಬಲ್ಲರು. ಕೆಂಪೇಗೌಡರ ಪೂರ್ವಿಕರು ನೆಲೆನಿಂತ ಆವತಿ ಇಲ್ಲಿಯೇ ಇದೆ. ಟಿಪ್ಪು ಸುಲ್ತಾನ್ ಹುಟ್ಟಿದ್ದು ಇಲ್ಲಿಯೇ. ಮಗುವಿನ ತಲೆಗಿಂತ ದೊಡ್ಡದಾಗಿ ಬೆಳೆಯುವ ಇಲ್ಲಿನ ಚಕ್ಕೋತದ ಹಣ್ಣನ್ನು ಒಮ್ಮೆ ತಿಂದವರು ಬೇರೆ ಊರಿನದನ್ನು ಮೆಚ್ಚುವುದು ಕಷ್ಟ. ಕೋಟೆಯ ಬಾಗಿಲಿನ ಬಳಿ ಚಹಾದ ಅಂಗಡಿಯೊಂದು ಆಗಷ್ಟೇ ಒಲೆ ಹೊತ್ತಿಸಿತ್ತು. ಕೋಟೆಯ ಕಲ್ಲುಗಳು ನೀರಿಳಿಸುತ್ತಿದ್ದವು. ಬುರುಜಿನ ಮೇಲೆ ಕಾಗೆಯೊಂದು ಕೂಗಿತಾದರೂ ಕಾಗೆಯಾಗಲಿ ಬುರುಜಾಗಲಿ ಕಾಣಲಿಲ್ಲ.

ಅಕ್ಕ ಮಂಜನ್ನು ದ್ವೇಷಿಸುತ್ತಾಳೆ. ದ್ರಾಕ್ಷಿ ಬೆಳೆಯುವವರೆಲ್ಲ ದ್ವೇಷಿಸುತ್ತಾರೆ. ಎಲೆಯ ಮೇಲೆ ಬೆಳಗಿನ ತೇವ ಹೆಚ್ಚು ಹೊತ್ತು ನಿಂತರೆ ಬೂಜು ಹಿಡಿಯುತ್ತದೆ, ಭಾವನವರು ಔಷಧಿಯ ಡಬ್ಬಿ ಬೆನ್ನಿಗೇರಿಸಬೇಕಾಗುತ್ತದೆ. ಮಂಜು ಎಂದು ಬೀಳುತ್ತದೆಂಬುದನ್ನು ಅವಳು ಹಿಂದಿನ ಸಂಜೆಯೇ ಹೇಳಬಲ್ಲಳು: ಮೋಡವಿರಬಾರದು, ಗಾಳಿ ಇರಬಾರದು, ಮಣ್ಣಿನಲ್ಲಿ ಹಸಿ ಇರಬೇಕು. ವಿಜ್ಞಾನವೂ ಇದನ್ನೇ ಹೇಳುತ್ತದೆ. ಮೋಡದ ಹೊದಿಕೆಯಿಲ್ಲದ ರಾತ್ರಿ ನೆಲವು ಹಗಲಿನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದಕ್ಕೆ ತಗುಲಿದ ಗಾಳಿಯೂ ತಣ್ಣಗಾಗಿ ಅದರೊಳಗಿನ ತೇವ ಸಣ್ಣ ಹನಿಗಳಾಗಿ ತೇಲತೊಡಗುತ್ತದೆ. ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದ ಈ ತೆರೆದ ಬಯಲಿನಲ್ಲಿ ಆ ಕ್ರಿಯೆಗೆ ಯಾವ ಅಡ್ಡಿಯೂ ಇಲ್ಲ. ಇದರಲ್ಲೊಂದು ಸೋಜಿಗವೂ ಉಂಟು. ಅಂಥ ರಾತ್ರಿಯಲ್ಲಿ ಎಲ್ಲಕ್ಕಿಂತ ತಂಪಾಗಿರುವುದು ನೆಲವಲ್ಲ, ನೆಲದಿಂದ ಒಂದೆರಡು ಗೇಣು ಮೇಲಿನ ಗಾಳಿ ಎಂಬುದನ್ನು 1932ರಲ್ಲಿ ಎಲ್. ಎ. ರಾಮದಾಸ್ ಅವರು ಪ್ರಕಟಿಸಿದಾಗ ಬಹುಮಂದಿ ನಂಬಲಿಲ್ಲ. ಅದಕ್ಕೆ ಕಾರಣ ಹುಡುಕುವ ಕೆಲಸವನ್ನು ಮುಂದೆ ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಅವರೂ ಅವರ ಸಂಗಡಿಗರೂ ಕೈಗೊಂಡರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ನಿಲ್ದಾಣದ ಮಂಜನ್ನು ಮುಂದಾಗಿ ಅರಿಯುವ ಅಧ್ಯಯನವನ್ನೂ ನಡೆಸಿದ್ದಾರೆ. ಅಕ್ಕನನ್ನೂ ಒಮ್ಮೆ ಅವರು ಕೇಳಬೇಕೆಂದು ನನ್ನ ಆಸೆ.

ಚಹಾ ಕುಡಿದು ಕಾರಿನೊಳಗೆ ಕುಳಿತ ಮೇಲೆ ನಾನೇ ಮಾತು ತೆಗೆದೆ. "ಆಗಸ್ಟ್‌ನಲ್ಲಿ ಏನಾಯಿತು?"

ಹುಡುಗ ಉತ್ತರಿಸುವ ಬದಲು ಗಾಜಿನ ಒಳಮೈಗೆ ಕವಿದಿದ್ದ ಆವಿಯ ಮೇಲೆ ಬೆರಳಿನಿಂದ ಆರು ಸೊನ್ನೆಗಳನ್ನು ಬರೆದ, ಮೇಲೆ ಮೂರು, ಕೆಳಗೆ ಮೂರು. ಮೇಲಿನ ಸಾಲಿನಲ್ಲಿ ಎಡಕ್ಕೆ ವೇಗ ತೋರಿಸುವುದು, ನಡುವೆ ಕೃತಕ ದಿಗಂತ, ಬಲಕ್ಕೆ ಎತ್ತರ ತೋರಿಸುವುದು. ಕೆಳಗಿನ ಸಾಲಿನಲ್ಲಿ ತಿರುವು ತೋರಿಸುವುದು, ದಿಕ್ಕು ತೋರಿಸುವುದು, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತೋರಿಸುವುದು. ಕಿಟಕಿಯಾಚೆ ಏನೂ ಕಾಣದಾಗ ಚಾಲಕನ ಪಾಲಿಗೆ ಜಗತ್ತೆಂದರೆ ಈ ಆರು ಮುಖಗಳೇ. ಎಲ್ಲಕ್ಕೂ ನಡುವಿನದು ಕೃತಕ ದಿಗಂತ. ನೆಲ ಕೆಳಗೆ, ಆಕಾಶ ಮೇಲೆ, ನಡುವೆ ಒಂದು ಗೆರೆ, ಗೆರೆಯ ಮೇಲೆ ವಿಮಾನದ ಪುಟ್ಟ ಚಿತ್ರ. ಆ ಗೆರೆಯಿಂದ ಹೊರಟು ಪ್ರತಿ ಮುಖಕ್ಕೂ ಹೋಗಿ ಮತ್ತೆ ಆ ಗೆರೆಗೇ ಮರಳುವಂತೆ ಕಣ್ಣನ್ನು ಸದಾ ಸುತ್ತಿಸುತ್ತಿರಬೇಕು. ಒಂದರ ಮೇಲೆಯೇ ಕಣ್ಣು ನೆಟ್ಟರೆ ಉಳಿದವು ಕೈಬಿಡುತ್ತವೆ.

"ಇದನ್ನು ಕಲಿಸುವುದಕ್ಕೆ ನಮಗೆ ಮುಸುಕು ಹಾಕುತ್ತಾರೆ ಮಾವ. ಟೋಪಿಯ ಹಾಗೆ ಇರುತ್ತದೆ, ಮುಂದಿನ ಫಲಕ ಬಿಟ್ಟು ಬೇರೇನೂ ಕಾಣುವುದಿಲ್ಲ. ಪಕ್ಕದಲ್ಲಿ ತರಬೇತುದಾರರು ಕಣ್ಣು ಬಿಟ್ಟುಕೊಂಡು ಕೂತಿರುತ್ತಾರೆ."

ಮುಸುಕಿನ ಈ ಕ್ರಮ ಇಂದಿನದಲ್ಲ. ಅಮೆರಿಕದ ಜೇಮ್ಸ್ ಡೂಲಿಟಲ್ 1929ರ ಸೆಪ್ಟೆಂಬರ್ 24ರಂದು ಮುಚ್ಚಿದ ಪೆಟ್ಟಿಗೆಯಂಥ ಆಸನದಲ್ಲಿ ಕುಳಿತು, ಹೊರಗಿನದೇನನ್ನೂ ನೋಡದೆ, ಉಪಕರಣಗಳನ್ನಷ್ಟೇ ನಂಬಿ ವಿಮಾನವನ್ನು ಏರಿಸಿ, ಸುತ್ತಿಸಿ, ಇಳಿಸಿ ತೋರಿಸಿದರು. ಅದಕ್ಕೂ ಮೊದಲು ವಿಲಿಯಂ ಆಕರ್ ಎಂಬ ಚಾಲಕನು ಕಣ್ಣು ಕಟ್ಟಿಕೊಂಡು ತಿರುಗುವ ಕುರ್ಚಿಯಲ್ಲಿ ಕುಳಿತು, ಮನುಷ್ಯನ ದೇಹಕ್ಕೆ ತಾನು ಯಾವ ಕಡೆಗೆ ತಿರುಗುತ್ತಿದ್ದೇನೆಂಬುದು ತಿಳಿಯುವುದಿಲ್ಲವೆಂದು ಕಂಡುಕೊಂಡಿದ್ದನು. ನಮ್ಮ ಕಿವಿಯೊಳಗೆ ದ್ರವ ತುಂಬಿದ ಮೂರು ಕಮಾನಿನ ನಾಳಗಳುಂಟು. ತಲೆ ತಿರುಗಿದಾಗ ದ್ರವವು ಹಿಂದುಳಿದು ಸುದ್ದಿ ಕಳಿಸುತ್ತದೆ. ಆದರೆ ಒಂದೇ ಸಮನೆ ಸುಮಾರು ಇಪ್ಪತ್ತು ಸೆಕೆಂಡು ತಿರುಗುತ್ತಿದ್ದರೆ ದ್ರವವೂ ಅದೇ ವೇಗಕ್ಕೆ ಬಂದುಬಿಡುತ್ತದೆ, ಸುದ್ದಿ ನಿಲ್ಲುತ್ತದೆ, ತಿರುಗುವವನಿಗೆ ತಾನು ನೆಟ್ಟಗಿದ್ದೇನೆ ಎನಿಸುತ್ತದೆ. ಆಗ ನಿಜವಾಗಿ ನೆಟ್ಟಗಾದರೆ ವಿರುದ್ಧ ದಿಕ್ಕಿಗೆ ಬೀಳುತ್ತಿದ್ದೇನೆಂಬ ಭ್ರಮೆ ಹುಟ್ಟುತ್ತದೆ. ಗಿರಗಿರನೆ ಸುತ್ತಿ ತಟ್ಟನೆ ನಿಂತ ಮಗು ಮನೆಯೇ ತಿರುಗುತ್ತಿದೆ ಎಂದು ಕಿರುಚುವುದು ಇದೇ ಕಾರಣಕ್ಕೆ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ 1957ರಲ್ಲಿ ಆರಂಭವಾದ ವಾಯುಪಡೆಯ ವೈದ್ಯಕೀಯ ಸಂಸ್ಥೆಯಲ್ಲಿ ಈ ಭ್ರಮೆಯನ್ನು ಚಾಲಕರಿಗೆ ನೆಲದ ಮೇಲೆಯೇ ಅನುಭವಕ್ಕೆ ತರುವ ಯಂತ್ರವಿದೆ. ಅನುಭವಿಸದ ಹೊರತು ಯಾರೂ ಇದನ್ನು ನಂಬುವುದಿಲ್ಲವಂತೆ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರುವ ಶಿಕ್ಷಣವಿಲ್ಲದ ಇಪ್ಪತ್ತು ಮಂದಿ ಚಾಲಕರನ್ನು ಕೃತಕವಾಗಿ ಕುರುಡು ಮಾಡಿ ಹಾರಿಸಿ ನೋಡಿದರು. ಇಪ್ಪತ್ತೂ ಮಂದಿ ಹತೋಟಿ ಕಳೆದುಕೊಂಡರು. ಸರಾಸರಿ ಹಿಡಿದ ಕಾಲ 178 ಸೆಕೆಂಡು, ಅಂದರೆ ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ಅವರಲ್ಲಿ ಹತ್ತೊಂಬತ್ತು ಮಂದಿಯದು ಒಂದೇ ಬಗೆಯ ತಪ್ಪು: ವಿಮಾನ ಮೆಲ್ಲಗೆ ಒಂದು ಕಡೆಗೆ ವಾಲಿ, ಸುರುಳಿಯಾಗಿ ಸುತ್ತುತ್ತ ಕೆಳಗಿಳಿಯತೊಡಗಿತು.

ಹುಡುಗನದೂ ಅದೇ ತಪ್ಪು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ದೂರದ ಊರಿಗೆ ಹೋಗಿ ಮರಳುವಾಗ ಮಳೆಗಾಲದ ಮೋಡ ಮುಂದೆ ಮುಚ್ಚಿಕೊಂಡಿತು. ತರಬೇತುದಾರರು ಮೋಡದಂಚಿನಲ್ಲಿ ಅವನಿಗೇ ಚುಕ್ಕಾಣಿ ಬಿಟ್ಟಿದ್ದರು. ಒಳಹೊಕ್ಕೊಡನೆ ಬಿಳಿಯ ಕತ್ತಲೆ. ಎತ್ತರ ತೋರಿಸುವ ಮುಳ್ಳು ಇಳಿಯುತ್ತಿರುವುದು ಅವನಿಗೆ ಕಂಡಿತು. ಅದೊಂದನ್ನೇ ನೋಡಿದ. ಎತ್ತರ ಉಳಿಸಿಕೊಳ್ಳಲೆಂದು ಹಿಡಿಯನ್ನು ತನ್ನತ್ತ ಎಳೆದ. ವಿಮಾನ ಆಗಲೇ ಎಡಕ್ಕೆ ವಾಲಿತ್ತು. ವಾಲಿದ ವಿಮಾನದಲ್ಲಿ ಹಿಡಿಯನ್ನು ಎಳೆದರೆ ಅದು ಮೇಲೇರುವುದಿಲ್ಲ, ಇನ್ನೂ ಬಿಗಿಯಾಗಿ ಸುತ್ತುತ್ತದೆ. ಮುಳ್ಳು ಇನ್ನೂ ಬೇಗ ಇಳಿಯಿತು, ಅವನು ಇನ್ನೂ ಬಲವಾಗಿ ಎಳೆದ. ಮೊದಲು ರೆಕ್ಕೆಗಳನ್ನು ಸಮ ಮಾಡಬೇಕು, ಆಮೇಲೆ ಮೂತಿಯನ್ನು ಎತ್ತಬೇಕು ಎಂಬುದು ಪುಸ್ತಕದಲ್ಲಿ ಅವನು ಕೆಂಪು ಗೆರೆ ಎಳೆದು ಓದಿದ್ದ ಪಾಠ. ತನ್ನ ದೇಹಕ್ಕೆ ಮಾತ್ರ ವಿಮಾನ ನೆಟ್ಟಗೇ ಇದೆ ಎನಿಸುತ್ತಿತ್ತಂತೆ. ತರಬೇತುದಾರರು ಅವನ ಕೈ ಸರಿಸಿ ತಾವೇ ಹಿಡಿದು ಸರಿಪಡಿಸಿದರು. ಎಲ್ಲ ಸೇರಿ ಅರ್ಧ ನಿಮಿಷವೂ ಇರಲಾರದು.

ಅಕ್ಕ ಹಿಂದಿನ ಆಸನದಲ್ಲಿ ಸೆರಗನ್ನು ಬಾಯಿಗೆ ಒತ್ತಿ ಕೂತಿದ್ದಳು. "ನಾಲ್ಕು ತಿಂಗಳು ಹೇಳಲೇ ಇಲ್ಲವಲ್ಲೋ" ಎಂದಳು. ಆಮೇಲೆ, "ಟಿಕೆಟ್ ವಾಪಸ್ ಮಾಡು. ತೋಟ ಹೋದರೆ ಹೋಗಲಿ. ನೀನು ಹೋಗುವುದು ಬೇಡ ಕಣಪ್ಪ" ಎಂದಳು.

ಅವಳ ಭಯಕ್ಕೆ ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ. ಪತ್ರಿಕೆಗಳಲ್ಲಿ 'ಚಾಲಕನ ತಪ್ಪು' ಎಂಬ ಎರಡು ಪದಗಳನ್ನು ಓದಿ ಮುಗಿಸುವ ನಾವು, ಆ ತಪ್ಪಿನೊಳಗೆ ಏನಿತ್ತೆಂದು ಕೇಳುವುದಿಲ್ಲ. 2020ರ ಆಗಸ್ಟ್ 7ರ ರಾತ್ರಿ ಕೋಳಿಕ್ಕೋಡಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಳೆಯ ನಡುವೆ ಒಮ್ಮೆ ಇಳಿಯಲು ಹೋಗಿ ಬಿಟ್ಟು, ಎರಡನೆಯ ಸಲ ಬೆನ್ನಿಗೆ ಗಾಳಿ ಇಟ್ಟುಕೊಂಡು ಇಳಿದು, ರನ್‌ವೇಯ ಅರ್ಧದಷ್ಟನ್ನು ದಾಟಿದ ಮೇಲೆ ನೆಲ ಮುಟ್ಟಿ, ಅಂಚಿನಿಂದಾಚೆ ಬಿದ್ದು ಇಬ್ಬರು ಚಾಲಕರೂ ಸೇರಿ 21 ಮಂದಿ ಸತ್ತರು. ಮತ್ತೆ ಮೇಲಕ್ಕೇರಿ ಹೋಗಬೇಕಾಗಿತ್ತು ಎಂದು ತನಿಖೆ ಹೇಳಿತು. ಆ ನಿರ್ಧಾರ ಯಂತ್ರದ್ದಲ್ಲ, ಮನಸ್ಸಿನದು. ಇಳಿಯಬೇಕೆಂದು ಹೊರಟವನಿಗೆ ಇಳಿಯದಿರುವುದು ಎಷ್ಟು ಕಷ್ಟವೆಂಬುದನ್ನು, ಮುಹೂರ್ತ ಮೀರುತ್ತದೆಂದು ತುಂಬಿದ ಹಳ್ಳಕ್ಕೆ ಗಾಡಿ ಇಳಿಸಿದ ನಮ್ಮ ಹಿರಿಯರು ಬಲ್ಲರು.

ಹಾಗಾದರೆ ಉಪಕರಣವನ್ನು ಕಣ್ಣು ಮುಚ್ಚಿ ನಂಬಬೇಕೇ ಎಂದು ನಾನು ಕೇಳಿದೆ. ಹುಡುಗ ತಲೆಯಾಡಿಸಿ ಅಲ್ಲವೆಂದ. ಅವನು ಹೇಳಿದ್ದು 1978ರ ಜನವರಿ 1ರ ಕಥೆ. ನನ್ನ ವಯಸ್ಸಿನವರಿಗೆ ಅದು ನೆನಪಿದೆ. 'ಸಾಮ್ರಾಟ್ ಅಶೋಕ' ಎಂಬ ಏರ್ ಇಂಡಿಯಾದ ಬೃಹತ್ ವಿಮಾನ ಆ ರಾತ್ರಿ ಮುಂಬಯಿಯಿಂದ ಏರಿ, ಕಡಲ ಮೇಲೆ ಬಲಕ್ಕೆ ಒಮ್ಮೆ ತಿರುಗಿ ನೆಟ್ಟಗಾಯಿತು. ಆದರೆ ಕ್ಯಾಪ್ಟನ್ ಮುಂದಿದ್ದ ಕೃತಕ ದಿಗಂತ ಕೆಟ್ಟು, ವಿಮಾನ ಇನ್ನೂ ಬಲಕ್ಕೆ ವಾಲಿದೆಯೆಂದೇ ತೋರಿಸುತ್ತಿತ್ತು. ಅವರು ಸರಿಪಡಿಸಲೆಂದು ಎಡಕ್ಕೆ ವಾಲಿಸಿದರು, ಇನ್ನೂ ವಾಲಿಸಿದರು. ಕತ್ತಲೆಯ ಕಡಲು, ಕತ್ತಲೆಯ ಆಕಾಶ, ನಡುವಿನ ಗೆರೆ ಕಾಣದು. ಪಕ್ಕದ ಚಾಲಕರ ಮುಂದೆ ಅದೇ ಉಪಕರಣದ ಇನ್ನೊಂದು ಮುಖವಿತ್ತು, ನಡುವೆ ಮೂರನೆಯದೂ ಇತ್ತು. ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ವಿಮಾನ ಬಾಂದ್ರಾದ ಆಚೆ ಸಮುದ್ರಕ್ಕೆ ಬಿದ್ದಿತ್ತು. 213 ಜೀವಗಳು ಹೋದವು.

"ದೇಹವನ್ನು ನಂಬಬಾರದು. ಒಂದೇ ಉಪಕರಣವನ್ನೂ ನಂಬಬಾರದು. ಒಂದು ಹೇಳಿದ್ದನ್ನು ಇನ್ನೊಂದನ್ನು ಕೇಳಿ ನೋಡಬೇಕು. ಅದನ್ನೇ ಮಾವ, ನಮಗೆ ದಿನಾ ಹೊಡೆದು ಹೊಡೆದು ಕಲಿಸುವುದು."

ಆಗ ಅಕ್ಕ, ಅಷ್ಟು ಹೊತ್ತು ಮಾತಾಡದಿದ್ದವಳು, "ನಿಮ್ಮ ತಾತ ಪಂಚಾಯಿತಿಗೆ ಕೂತಾಗ ಒಬ್ಬನ ಸಾಕ್ಷಿ ಕೇಳಿ ಎಂದೂ ತೀರ್ಪು ಕೊಟ್ಟವರಲ್ಲ" ಎಂದಳು. ಅವಳ ದನಿಯಲ್ಲಿ ಕೋಪ ಇನ್ನೂ ಇತ್ತು. ಆದರೆ ಅವಳು ಕೇಳಿಸಿಕೊಳ್ಳುತ್ತಿದ್ದಳೆಂಬುದು ನಮಗೆ ತಿಳಿಯಿತು. ಬಹುಶಃ ಅದರಿಂದಲೇ ಹುಡುಗನಿಗೆ ಉಳಿದದ್ದನ್ನೂ ಹೇಳುವ ಧೈರ್ಯ ಬಂದಿರಬೇಕು.

"ಅಮ್ಮ, ಮೋಡದಲ್ಲಿ ಹೆದರಿದ್ದು ದೊಡ್ಡ ವಿಷಯವಲ್ಲ. ಎಲ್ಲರೂ ಮೊದಲ ಸಲ ಹೆದರುತ್ತಾರೆ. ನಾನು ಅದಕ್ಕೆ ಮೊದಲೇ ತಪ್ಪು ಮಾಡಿದ್ದೆ."

ಮುಸುಕು ಹಾಕಿಕೊಂಡು ಹಾರುವಾಗ ಅವನು ಕದ್ದು ನೋಡುತ್ತಿದ್ದನಂತೆ. ಕತ್ತನ್ನು ಒಂದಿಷ್ಟು ಎತ್ತಿದರೆ ಮುಸುಕಿನ ಅಂಚಿನಲ್ಲಿ ನೆಲದ ಒಂದು ಎಳೆ ಕಾಣುತ್ತದೆ. ಅಷ್ಟು ಸಾಕು, ರೆಕ್ಕೆ ಸಮವಾಗಿದೆಯೋ ಇಲ್ಲವೋ ತಿಳಿದುಹೋಗುತ್ತದೆ. ನೋಡದಿದ್ದರೂ ತೊಡೆಯ ಮೇಲೆ ಬಿದ್ದ ಬಿಸಿಲು ಜರುಗಿದರೆ ವಿಮಾನ ತಿರುಗುತ್ತಿದೆಯೆಂದು ಗೊತ್ತಾಗುತ್ತದೆ. ಹೀಗೆ ಅವನು ಒಳ್ಳೆಯ ವಿದ್ಯಾರ್ಥಿಯೆಂದು ಹೆಸರು ಪಡೆದ. ಮೋಡದೊಳಗೆ ನೆಲದ ಎಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ನಮ್ಮ ದೇಶದ ನಿಯಮದಂತೆ ವೃತ್ತಿ ಚಾಲಕನಾಗಲು 200 ಗಂಟೆ ಹಾರಬೇಕು. ಉಪಕರಣದ ಅರ್ಹತೆಗೆ 40 ಗಂಟೆ ಹೀಗೆ ಮುಸುಕಿನಲ್ಲಿಯೋ ಮೋಡದಲ್ಲಿಯೋ ಹಾರಿರಬೇಕು, ಅದರಲ್ಲಿ 20 ಗಂಟೆಯವರೆಗೆ ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಪೂರೈಸಬಹುದು. ಅವನ ಪುಸ್ತಕದಲ್ಲಿ ಮುಸುಕಿನ ಗಂಟೆಗಳೆಂದು ಬರೆದವುಗಳಲ್ಲಿ ಹನ್ನೊಂದು ಹೀಗೆ ಟೊಳ್ಳು. ತರಬೇತುದಾರರಿಗೆ ಇದು ಗೊತ್ತಿಲ್ಲ. ಆಗಸ್ಟ್‌ನ ಘಟನೆಯನ್ನು ಅವರು ಮೊದಲ ಮೋಡದ ಗಾಬರಿಯೆಂದೇ ತಿಳಿದಿದ್ದಾರೆ. ಇನ್ನೆರಡು ವಾರದಲ್ಲಿ ಪರೀಕ್ಷೆ. ಪರೀಕ್ಷೆಯೂ ಮುಸುಕಿನಲ್ಲಿಯೇ.

"ಕದ್ದು ನೋಡಿ ಪಾಸಾಗಬಹುದು" ಎಂದ ಹುಡುಗ. "ಅದೇ ಭಯ."

ಕಾರಿನೊಳಗೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಗಾಜಿನ ಮೇಲಿನ ಆರು ಸೊನ್ನೆಗಳಿಂದ ನೀರು ಇಳಿದು ಗೆರೆಗಳಾಗಿದ್ದವು. ನಾನು ನಲವತ್ತು ವರ್ಷ ಮಾಸ್ತರಿಕೆ ಮಾಡಿದವನು. ಎಷ್ಟು ಹುಡುಗರು ಪಕ್ಕದವನ ಕಾಗದ ನೋಡಿ ಬರೆದರೆಂಬುದನ್ನು ಬಲ್ಲೆ. ಹಲವರನ್ನು ಕಂಡೂ ಕಾಣದಂತೆ ಬಿಟ್ಟಿದ್ದೇನೆ. ಅವರಾರೂ ಮುಂದೆ ನೂರೆಂಬತ್ತು ಜನರನ್ನು ಹಿಂದೆ ಕೂರಿಸಿಕೊಂಡು ದೇವನಹಳ್ಳಿಯ ಮಂಜಿಗೆ ಇಳಿಯುವವರಾಗಿರಲಿಲ್ಲ ಎಂಬುದೊಂದೇ ನನ್ನ ಸಮಾಧಾನ. ಹುಡುಗನಿಗೆ ಏನು ಹೇಳಬೇಕೆಂದು ತಿಳಿಯದೆ ವರುಣ್ ಸಿಂಗ್ ಅವರ ಮಾತೆತ್ತಿದೆ. ಅಪಘಾತಕ್ಕೆ ಕೆಲವು ತಿಂಗಳು ಮೊದಲು ಅವರು ತಾವು ಓದಿದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು, ತಾವೂ ಸಾಧಾರಣ ವಿದ್ಯಾರ್ಥಿಯೇ ಆಗಿದ್ದುದನ್ನು ಮಕ್ಕಳಿಗೆ ತಿಳಿಸಿದ್ದರು. ಹುಡುಗನಿಗೆ ಅದು ಗೊತ್ತಿತ್ತು. ಅವರ ತರಗತಿಯ ಗೋಡೆಯ ಮೇಲೆ ಆ ಪತ್ರವನ್ನು ಅಂಟಿಸಿದ್ದಾರಂತೆ.

"ಹನ್ನೊಂದು ಗಂಟೆ ಮತ್ತೆ ಹಾರಬೇಕಾದರೆ ಎಷ್ಟಾಗುತ್ತದೆ?" ಎಂದು ಅಕ್ಕ ಕೇಳಿದಳು.

ಗಂಟೆಗೆ ಹತ್ತು ಸಾವಿರಕ್ಕೂ ಮಿಗಿಲು ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ಅಕ್ಕ ಕಣ್ಣು ಮುಚ್ಚಿಕೊಂಡು ತುಟಿಯಲ್ಲಿಯೇ ಲೆಕ್ಕ ಹಾಕಿದಳು. ದ್ರಾಕ್ಷಿಯ ಕ್ರೇಟುಗಳ ಲೆಕ್ಕವಿರಬೇಕು. ಈ ವರ್ಷದ ಕೊಯ್ಲು ಇನ್ನೂ ಬಳ್ಳಿಯ ಮೇಲಿತ್ತು, ಮೇಲೆ ಈ ಮಂಜು ಬೇರೆ.

"ನಿಮ್ಮಪ್ಪನಿಗೆ ಇವತ್ತು ರಾತ್ರಿ ನೀನೇ ಫೋನ್ ಮಾಡಿ ಹೇಳು. ನಾನು ಹೇಳುವುದಿಲ್ಲ. ಅದಕ್ಕೆ ಮೊದಲು ನಿನ್ನ ಮೇಷ್ಟ್ರಿಗೆ ಹೇಳು."

"ಅವರು ಶಾಲೆಯಿಂದ ತೆಗೆದರೆ?"

"ತೆಗೆದರೆ ತೋಟಕ್ಕೆ ಬಾ. ಕಳೆ ಕೀಳುವವರು ಸಿಗುತ್ತಿಲ್ಲ."

ಎಂಟೂಕಾಲಿನ ಹೊತ್ತಿಗೆ ಮಂಜು ಮೇಲಿನಿಂದಲ್ಲ, ಕೆಳಗಿನಿಂದ ಸಡಿಲವಾಗತೊಡಗಿತು. ಮೊದಲು ಕೋಟೆಯ ಅಡಿಗಲ್ಲುಗಳು ಕಂಡವು. ಬಳಿಕ ಗೋಡೆ, ಬಳಿಕ ಬುರುಜು, ಅದರ ಮೇಲಿನ ಕಾಗೆ. ಬುರುಜು ಹತ್ತಿದಾಗ ಉತ್ತರಕ್ಕೆ 1478 ಮೀಟರಿನ ನಂದಿಬೆಟ್ಟದ ತಲೆ ಹತ್ತಿಯ ರಾಶಿಯೊಳಗಿಂದ ಎದ್ದಂತೆ ಕಂಡಿತು. ಮಂಜು ಇದ್ದಷ್ಟು ಹೊತ್ತೂ ಅದು ಅಲ್ಲಿಯೇ ಇತ್ತು, ನಿಲ್ದಾಣದ ನೆಲಕ್ಕಿಂತ ಐನೂರಕ್ಕೂ ಹೆಚ್ಚು ಮೀಟರ್ ಎತ್ತರಕ್ಕೆ ನಿಂತು. ಕಾಣದ ಬೆಟ್ಟ ಎಲ್ಲಿದೆಯೆಂಬುದನ್ನು ನಕ್ಷೆಯಿಂದಲೇ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಹುಡುಗ ತನ್ನಷ್ಟಕ್ಕೆ ಹೇಳಿಕೊಂಡ.

ಒಂಬತ್ತರ ಸುಮಾರಿಗೆ ಅವನನ್ನು ನಿಲ್ದಾಣದ ಬಾಗಿಲಲ್ಲಿ ಇಳಿಸಿದೆವು. ಕೆಂಪೇಗೌಡರು ಅಷ್ಟರಲ್ಲಿ ಎದೆಯವರೆಗೆ ಪ್ರಕಟವಾಗಿದ್ದರು. ಅಕ್ಕ ಚಕ್ಕೋತದ ಹಣ್ಣೊಂದನ್ನು ಅವನ ಚೀಲಕ್ಕೆ ತುರುಕಿದಳು. ಅದು ಹಿಡಿಯಲಿಲ್ಲ. ಅವನು ಕೈಯಲ್ಲಿಯೇ ಹಿಡಿದುಕೊಂಡು ಒಳಗೆ ಹೋದ.

ರಾತ್ರಿ ಹತ್ತು ಗಂಟೆಗೆ ದೊಡ್ಡಬಳ್ಳಾಪುರದಿಂದ ಭಾವನವರ ಫೋನು ಬಂದಿತು. ಹುಡುಗ ಇಬ್ಬರಿಗೂ ಹೇಳಿದ್ದ. ತರಬೇತುದಾರರು ಬಹಳ ಹೊತ್ತು ಸುಮ್ಮನಿದ್ದು, ಪರೀಕ್ಷೆಯ ದಿನಾಂಕವನ್ನು ಹೊಡೆದುಹಾಕಿ, ಮುಂದಿನ ಪಾಠಗಳನ್ನು ಸೂರ್ಯ ನೆತ್ತಿಯ ಮೇಲಿರುವಾಗ, ತೊಡೆಯ ಮೇಲೆ ಬಿಸಿಲು ಬೀಳದ ಹೊತ್ತಿನಲ್ಲಿ ಇಟ್ಟರಂತೆ. ಮುಸುಕಿನ ಅಂಚಿಗೆ ಅವರೇ ಕಪ್ಪು ಬಟ್ಟೆಯ ಪಟ್ಟಿಯೊಂದನ್ನು ಹೊಲಿಸಿದ್ದಾರೆ. ಭಾವನವರು ಇಷ್ಟನ್ನು ಹೇಳಿ, ಹಣದ ವಿಷಯ ಎತ್ತದೆ, ನಾಳೆಯೂ ಮಂಜು ಬೀಳುವ ಹಾಗಿದೆ, ಬೆಳಿಗ್ಗೆ ಬೇಗ ಏಳಬೇಕು ಎಂದು ಫೋನ್ ಇಟ್ಟರು.